ಹಲಗೆಯ ಮೇಲೆ ಒಂದು ಜಾಗ

ಆ ಶನಿವಾರ ಉಳಿದ ಶನಿವಾರಗಳ ಹಾಗೆಯೇ ಇತ್ತು. ಬೆಳಗಿನ ಶಾಲೆ ಮುಗಿದು ಮಕ್ಕಳು ಮನೆಗೆ ಹೋಗಿದ್ದರು. ಹೊಂಗೆ ಮರದ ಕೆಳಗಿನ ಚಪ್ಪರದಲ್ಲಿ ಬುಡನ್ ಸಾಬರು ಕೂತು, ಮರ ಕಡೆಯುವ ತಿರುಗಣಿಯ ಮೇಲೆ ಒಂದು ಕುಂಕುಮದ ಭರಣಿಗೆ ಮುಚ್ಚಳ ಮಾಡುತ್ತಿದ್ದರು. ನಾನು ಎದುರಿನ ಕಲ್ಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದೆ. ನಾಲ್ಕು ನನಗೆ, ಎರಡು ಅವರಿಗೆ. ಇಬ್ಬರ ಬಾಯಲ್ಲೂ ಉಳಿದಿದ್ದ ಹಲ್ಲಿಗೆ ಆ ಪಾಲು ಸರಿಯಾಗಿತ್ತು.

ಅವರು ಮುಚ್ಚಳವನ್ನು ಭರಣಿಯ ಮೇಲೆ ಕೂರಿಸಿದರು. ಕಿವಿಯ ಹತ್ತಿರ ಹಿಡಿದು ತೆಗೆದರು, ಮತ್ತೆ ಮುಚ್ಚಿದರು. ಮುಚ್ಚಳ ಸರಿಯಾಗಿದೆಯೇ ಎಂದು ಅವರು ಯಾವತ್ತೂ ನೋಡಿ ಹೇಳಿದವರಲ್ಲ, ಕೇಳಿ ಹೇಳುವವರು.

"ಯಾಕೋ ಬಾಯಿ ಅಗಲ ಆಯ್ತು ಅನ್ಸುತ್ತೆ ಮೇಷ್ಟ್ರೇ. ಕೈ ಒಸಿ ನಡುಗ್ತು."

"ಕೆಡ್ತಾ?" ಅಂದೆ.

"ಈಗ್ಲೇ ಹೇಳಕ್ಕಾಗಲ್ಲ. ಮರ ಇನ್ನೂ ಬಿಸಿ ಐತೆ. ಆರಲಿ, ಸೋಮವಾರ ಬಂದು ನೋಡ್ತೀನಿ. ಕೆಟ್ಟಿದ್ರೆ ಹಲಗೆ ಮೇಲೆ ನಂದೂ ಒಂದು. ಜಾಗ ಇಟ್ಟಿರಿ."

"ಇಷ್ಟು ವರ್ಷ ಆದ್ಮೇಲೆ ಈಗಲಾ?"

"ಅರೆ, ಕೆಡಿಸೋಕೆ ವಯಸ್ಸು ನೋಡ್ಬೇಕಾ?" ಎಂದು ನಕ್ಕರು. ತಿರುಗಣಿಯ ಬಿಲ್ಲನ್ನು ಗೂಟಕ್ಕೆ ನೇತುಹಾಕಿ, ಹೆಗಲ ಮೇಲಿನ ಬಟ್ಟೆಯಿಂದ ಮರದ ಹೊಟ್ಟನ್ನು ಕೊಡವಿಕೊಂಡು ಹೊರಟರು. ಹೋಗುತ್ತ ನನ್ನ ಮುಂದೆ ಉಳಿದ ಕಡಲೆಕಾಯಿಯನ್ನೂ ಜೇಬಿಗೆ ಹಾಕಿಕೊಂಡರು.

ಸೋಮವಾರ ಅವರು ಬರಲಿಲ್ಲ. ಭಾನುವಾರ ಮಧ್ಯಾಹ್ನ ಊಟ ಮಾಡಿ, ಗೋಡೆಗೆ ಒರಗಿ ಕೂತವರು ಹಾಗೆಯೇ ಹೋಗಿಬಿಟ್ಟಿದ್ದರು.

ಇದಾಗಿ ಈಗ ಎರಡು ತಿಂಗಳು. ಆ ಭರಣಿಯೂ ಮುಚ್ಚಳವೂ ನನ್ನ ಮೇಜಿನ ಮೇಲಿವೆ. ಹತ್ತು ಗಂಟೆಯ ಹೊತ್ತಿಗೆ ಕಿಟಕಿಯಿಂದ ಬಿಸಿಲು ಬಿದ್ದರೆ ಮೇಲಿನ ಕೆಂಪು ಅರಗು ಸ್ವಲ್ಪ ಬೆಚ್ಚಗಾಗಿ ವಾಸನೆ ಬಿಡುತ್ತದೆ. ಚನ್ನಪಟ್ಟಣದವರಿಗೆ ಆ ವಾಸನೆಯನ್ನು ಹೇಳಿಕೊಡಬೇಕಾಗಿಲ್ಲ. ನೀವು ಬೇರೆ ಊರಿನವರಾದರೆ ಅಂಚೆ ಕಚೇರಿಯಲ್ಲಿ ಲಕೋಟೆಗೆ ಮುದ್ರೆ ಒತ್ತುವಾಗ ಬರುವ ವಾಸನೆಯನ್ನು ನೆನೆಸಿಕೊಳ್ಳಿ. ಅದಕ್ಕೆ ಒಂದಿಷ್ಟು ಹಸಿ ಮರವನ್ನು ಸೇರಿಸಿ. ನನಗೆ ಆ ವಾಸನೆ ಬಂದಾಗಲೆಲ್ಲ ಶಾಲೆಯ ಗಂಟೆ ಹೊಡೆದ ಹಾಗಾಗಿ ಎದ್ದು ನಿಲ್ಲುತ್ತೇನೆ. ಎದ್ದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕೂರುತ್ತೇನೆ. ಕೂತವನು ಸುಮ್ಮನಿರುವ ಬದಲು ಬರೆಯೋಣವೆಂದು ಬರೆಯುತ್ತಿದ್ದೇನೆ.

ನಮ್ಮ ಶಾಲೆ ಸರ್ಕಾರದ್ದಲ್ಲ. ಅಮಲ್ದಾರರಾಗಿದ್ದು ನಿವೃತ್ತರಾದ ಒಬ್ಬರು ತಮ್ಮ ತೋಟದ ಮನೆಯಲ್ಲಿ ತೆರೆದದ್ದು. ಊರಿನವರೆಲ್ಲ ಅವರನ್ನು ದೊಡ್ಡವರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ. ಗೋಡೆಗೆ ಮಹಾರಾಜರ ಪಟ, ಅದರ ಕೆಳಗೆ ದೊಡ್ಡವರ ಮೂರು ನಿಯಮಗಳು. ಇಲ್ಲಿ ಬೆತ್ತವಿಲ್ಲ. ಇಲ್ಲಿ ಮೊದಲನೆಯವರು ಕೊನೆಯವರು ಎಂಬುದಿಲ್ಲ. ಇಲ್ಲಿ ಎಲ್ಲರಿಗೂ ಒಂದೇ ಹರವಿಯ ನೀರು. ಮೊದಲನೆಯದನ್ನು ಕೇಳಿ ಊರು ನಕ್ಕಿತು, ಎರಡನೆಯದು ಯಾರಿಗೂ ಅರ್ಥವಾಗಲಿಲ್ಲ, ಮೂರನೆಯದಕ್ಕೆ ಹೆದರಿ ಕೋಟೆಯ ಕಡೆಯ ಮೇಲ್ಜಾತಿಯ ಎಷ್ಟೋ ಮಕ್ಕಳು ಬಿಟ್ಟುಹೋದರು. ಉಳಿದವರು ರೇಷ್ಮೆ ನೂಲು ತೆಗೆಯುವವರ ಮಕ್ಕಳು, ಬೇಸಾಯದವರ ಮಕ್ಕಳು, ಗೊಂಬೆ ಮಾಡುವವರ ಮಕ್ಕಳು, ಮತ್ತು ಅಪ್ಪನಿಗೆ ಹಟವಿದ್ದ ಮೂರು ನಾಲ್ಕು ಮಂದಿ ಪುರೋಹಿತರ ಮಕ್ಕಳು.

ನಾನು ಅಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದವನು. ದೊಡ್ಡಮಳೂರಿನಿಂದ ದಿನಾ ನಡೆದು ಬರುತ್ತಿದ್ದೆ. ಒಂದು ದಿನ ದೊಡ್ಡವರು ಕರೆದು, "ನಾಳೆಯಿಂದ ಮಿಡ್ಲ್ ತರಗತಿಗಳು ನಿನ್ನ ಸುಪರ್ದು" ಎಂದರು. ನಾನು ಪಾಸಾಗಿದ್ದದ್ದು ಲೋಯರ್ ಸೆಕೆಂಡರಿ. ಅಂದರೆ ಆ ಮಕ್ಕಳು ಹತ್ತಬೇಕಾದ ಕೊನೆಯ ಮೆಟ್ಟಿಲೇ ನಾನು ನಿಂತಿದ್ದ ಮೆಟ್ಟಿಲು. ಅದನ್ನೇ ಹೇಳಿದೆ.

"ಗೊತ್ತು. ಎಲ್ಲ ಗೊತ್ತಿರುವವರನ್ನು ಇಬ್ಬರನ್ನು ಇಟ್ಟು ನೋಡಿದೆನಲ್ಲ. ಅವರು ಪಾಠ ಹೇಳುತ್ತಾರೆ, ಮಕ್ಕಳು ಕೇಳಿಸಿಕೊಳ್ಳುತ್ತಾರೆ, ಸಂಜೆ ಎಲ್ಲರೂ ಮನೆಗೆ ಹೋಗುತ್ತಾರೆ" ಎಂದರು. ಅದು ಹೊಗಳಿಕೆಯೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮನೆಯಲ್ಲಿ ಸುದ್ದಿ ಹೇಳಿದರೆ ನನ್ನ ಹೆಂಡತಿ ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸಿ ನನ್ನ ಮುಖ ನೋಡಿದಳು. "ಇಂಗ್ಲಿಸ್‌ನಾಗೆ ಒಂದು ಕಾಗ್ದ ಬಂದ್ರೆ ಪೋಸ್ಟ್ ಮೇಷ್ಟ್ರ ತಾವ ಓಡೋಯ್ತೀರ. ನಿಮ್ಮನ್ನ ಯಾವ ಧೈರ್ಯದ ಮ್ಯಾಲೆ ಮಾಡುದ್ರು?" ಎಂದಳು. ಆಮೇಲೆ ಕಲ್ಲು ತಿರುಗಿಸುತ್ತ, ಯಾರಿಗೂ ಅಲ್ಲ ಎಂಬಂತೆ, "ಹೊಸ ಪಂಚೆ ಉಟ್ಕಂಡೋಗಿ" ಎಂದಳು.

ಮಿಡ್ಲಿನ ಮಕ್ಕಳ ವಯಸ್ಸು ನಿಮಗೆ ಗೊತ್ತಲ್ಲ. ಯಾವ ಅಂಗಿಯೂ ಆರು ತಿಂಗಳಿಗಿಂತ ಹೆಚ್ಚು ಸರಿಹೋಗದ ವಯಸ್ಸು. ಮೇಷ್ಟ್ರು ಹೇಳಿದ್ದೆಲ್ಲ ನಿಜ ಎಂಬ ನಂಬಿಕೆ ಬಿಟ್ಟಿರುತ್ತದೆ. ತಾವೇ ಕಂಡುಕೊಳ್ಳುವ ಧೈರ್ಯ ಬಂದಿರುವುದಿಲ್ಲ. ಅದಕ್ಕೇ ಆ ಮಕ್ಕಳು ಎಲ್ಲಕ್ಕಿಂತ ಮೊದಲು ಕಲಿಯುವುದು ಬಚ್ಚಿಡುವುದನ್ನು. ತಪ್ಪಾದ ಲೆಕ್ಕವನ್ನು ಅಂಗೈಯಿಂದ ಒರೆಸಿಬಿಡುತ್ತಾರೆ, ಹರಿದ ನಕ್ಷೆಯನ್ನು ನುಂಗಿಯಾದರೂ ಬಿಡುತ್ತಾರೆ. ಬೆತ್ತವಿಲ್ಲದ ಶಾಲೆಯಲ್ಲೂ ಯಾಕೆ ಇಷ್ಟು ಹೆದರುತ್ತಾರೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಹೆದರಿಕೆ ಬೆತ್ತಕ್ಕಲ್ಲ, ಪಕ್ಕದಲ್ಲಿ ಕೂತವರಿಗೆ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಮಕ್ಕಳು ಕೈಕೆಲಸ ಕಲಿಯಬೇಕು ಎಂಬುದು ದೊಡ್ಡವರ ಆಸೆ. ಚನ್ನಪಟ್ಟಣದಲ್ಲಿ ಕೈಕೆಲಸವೆಂದರೆ ಗೊಂಬೆ. ನಾನು ಬುಡನ್ ಸಾಬರ ಮನೆ ಹುಡುಕಿಕೊಂಡು ಹೋದೆ. ಜಗುಲಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಬಲಗೈಯಲ್ಲಿ ಬಿಲ್ಲು ಎಳೆಯುತ್ತ, ಎಡಗೈಯಲ್ಲಿ ಹಿಡಿದ ಉಳಿಯನ್ನು ಕಾಲಬೆರಳಿನಿಂದ ಒತ್ತಿಕೊಂಡು, ಹಾಲೆ ಮರದ ಒಂದು ತುಂಡಿನಿಂದ ಬುಗುರಿ ತೆಗೆಯುತ್ತಿದ್ದರು. ಅರಗಿನ ಕಡ್ಡಿ ತಾಗಿಸಿದರು, ಬಣ್ಣ ಹತ್ತಿತು. ಕೇದಗೆ ಗರಿ ಒತ್ತಿದರು, ಹೊಳಪು ಬಂತು. ನಾನು ಬಂದ ಕೆಲಸವನ್ನು ಮರೆತು ನೋಡುತ್ತ ನಿಂತೆ.

"ಶಾಲೆಗಾ? ನಾನು ಶಾಲೆ ಮುಂದೆ ನಡ್ಕೊಂಡು ಕೂಡ ಹೋಗಿಲ್ಲ ಮೇಷ್ಟ್ರೇ. ನಾನೇನು ಹೇಳ್ಲಿ ಮಕ್ಕಳಿಗೆ?"

"ಏನೂ ಹೇಳಬೇಡಿ. ಮಾಡಿ. ಅವರು ನೋಡಲಿ" ಎಂದೆ.

ಆಗ ನನ್ನ ಕಣ್ಣು ಬಾಗಿಲಿನ ಮೇಲಿದ್ದ ಹಲಗೆಯ ಮೇಲೆ ಬಿತ್ತು. ಅದರ ಮೇಲೆ ಸೊಟ್ಟಗಿನ ಬುಗುರಿಗಳು, ಸೀಳಿದ ಗಿಲಕಿಗಳು, ಕತ್ತಿಲ್ಲದ ಗೊಂಬೆಗಳು ಸಾಲಾಗಿದ್ದವು. ಅಂಥ ಕೈಯಿರುವವರ ಮನೆಯಲ್ಲಿ ಇವೇಕೆ ಎಂದು ಕೇಳಿದೆ. ಅದು ಅವರ ಮನೆತನದ ಪದ್ಧತಿಯಂತೆ. ಕೆಲಸ ಕಲಿಯಲು ಕೂತವನು ಕೆಡಿಸಿದ್ದನ್ನು ಬೆಂಕಿಗೆ ಹಾಕುವ ಹಾಗಿಲ್ಲ. ತಾನೇ ಹಲಗೆಯ ಮೇಲಿಟ್ಟು, ಎಲ್ಲಿ ಕೆಟ್ಟಿತು ಎಂದು ಬಾಯಿಬಿಟ್ಟು ಹೇಳಬೇಕು. ಬೇರೆಯವರು ಅವನ ಪರವಾಗಿ ಇಡುವ ಹಾಗಿಲ್ಲ.

"ಇದು ನಮ್ಮ ಅಬ್ಬಾದು. ಇದು ಅಣ್ಣಂದು."

"ನಿಮ್ಮದು?"

"ಇಟ್ಟಿದ್ದೆ. ಗೆದ್ದಲು ತಿಂದುಬಿಡ್ತು" ಎಂದು ತಲೆ ಕೆರೆದುಕೊಂಡರು. "ಆಮೇಲೆ ಕೈ ಕೂತ್ಕೊಳ್ತು. ಈಗ ಬುಗುರಿ ಕೆಟ್ರೆ ಸಣ್ಣ ಬುಗುರಿ ಮಾಡ್ತೀನಿ, ಅದೂ ಕೆಟ್ರೆ ಮಣಿ. ಹಲಗೆವರೆಗೂ ಹೋಗಕ್ಕೆ ಏನೂ ಉಳಿಯಲ್ಲ."

ನಾನು ಗೊಂಬೆಯ ಕೆಲಸ ಕೇಳಲು ಹೋಗಿದ್ದೆ. ಹಲಗೆಯನ್ನು ಕೇಳಿಕೊಂಡು ಬಂದೆ.

ಉಸ್ತಾದರು ಬಂದರು. ಮಕ್ಕಳು ಬುಡನ್ ಸಾಬರನ್ನು ಹಾಗೆ ಕರೆದರು, ನಾನೂ ಕರೆದೆ. ಅವರು ಬಂದ ವಾರವೇ ಕೆಲವು ತಂದೆಯರು ನನ್ನ ಮೇಲೆ ಬಿದ್ದರು. "ನಮ್ ಐಕ್ಳ ಕಳ್ಸಿರಾದು ಅಮಲ್ದಾರ್ರಾಗ್ಲಿ ಅಂತ, ಬುಗ್ರಿ ತಿರುವ್ಲಿ ಅಂತಲ್ಲ." ಅತ್ತ ಗೊಂಬೆಯ ಬೀದಿಯವರು ಉಸ್ತಾದರನ್ನು ಹಿಡಿದುಕೊಂಡು, ಕಸುಬಿನ ಗುಟ್ಟನ್ನು ಕಂಡಕಂಡವರಿಗೆ ಹೇಳಿಕೊಡುತ್ತಿದ್ದೀಯಲ್ಲ ಎಂದು ಬೈದರಂತೆ. ಇಬ್ಬರೂ ಬೈಸಿಕೊಂಡು ಚಪ್ಪರದಲ್ಲಿ ಕೂತು ಕಡಲೆಕಾಯಿ ತಿಂದೆವು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಮಿಡ್ಲಿನ ಕೋಣೆಯ ಗೋಡೆಗೆ ನಾವು ಒಂದು ಉದ್ದನೆಯ ಹಲಗೆ ಹೊಡೆಸಿದೆವು. ಪ್ರತಿ ಶನಿವಾರ ಬೆಳಗ್ಗೆ ಅದರ ಮುಂದೆ ಸಭೆ. ಆ ವಾರ ಕೆಡಿಸಿದ್ದನ್ನು ಕೆಡಿಸಿದವರೇ ತಂದು ಇಡಬೇಕು, ಎಲ್ಲಿ ಕೆಟ್ಟಿತೆಂದು ಹೇಳಬೇಕು. ಹೇಳಿ ಮುಗಿಸುವ ತನಕ ಯಾರೂ ನಗಬಾರದು. ಮುಗಿದ ಮೇಲೆ ಎಷ್ಟು ಬೇಕಾದರೂ ನಗಬಹುದು. ಈ ಕೊನೆಯ ಮಾತು ಉಸ್ತಾದರದ್ದು. ನಾನಾಗಿದ್ದರೆ ನಗಲೇಬಾರದು ಎನ್ನುತ್ತಿದ್ದೆ, ಆಗ ಹಲಗೆ ಎರಡೇ ವಾರಕ್ಕೆ ಸಾಯುತ್ತಿತ್ತು.

ಮೊದಲು ಬುಗುರಿಗಳು ಬಂದವು. ಆಮೇಲೆ ಒಂದೊಂದಾಗಿ ತಪ್ಪು ಲೆಕ್ಕಗಳು, ಮಸಿ ಚೆಲ್ಲಿದ ಪ್ರಬಂಧಗಳು, ಮೊಳಕೆಯೊಡೆಯದ ಅವರೆ ಬೀಜದ ಕುಡಿಕೆಗಳೂ ಬಂದವು. ನಾನು ತಿರುಗಣಿಯ ಮೇಲೆ ಮಾಡಿದ ಒಂದು ವಸ್ತುವೂ ಬಂತು. ಅದು ಏನೆಂದು ಮಕ್ಕಳು ಹದಿನೈದು ನಿಮಿಷ ಚರ್ಚೆ ಮಾಡಿದರು. ನಾನು ಮಾಡಲು ಹೊರಟದ್ದು ಲಟ್ಟಣಿಗೆ.

ಚಿಕ್ಕತಾಯಿ ಆ ಸಭೆ ಬೆಳೆಸಿದ ಹುಡುಗಿ. ಕನಕಪುರದ ಕಡೆಯ ಕೋಡಿಹಳ್ಳಿಯವಳು, ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಬಂದ ಹೊಸದರಲ್ಲಿ ಬಾಯೇ ಬಿಡದವಳು ಒಂದು ಶನಿವಾರ ತಾನು ಬರೆದ ನಕ್ಷೆ ತಂದು ಹಲಗೆಯ ಮೇಲಿಟ್ಟಳು. "ಮಾಗಡಿ ಇರ್ಬೇಕಾದ ತಾವ ಕನಕಪುರ ಬರ್ದಿವ್ನಿ. ಕನಕಪುರದ ತಾವ ಮಾಗಡಿ. ಕ್ಲೋಸ್‌ಪೇಟೆ ಒಂದೇ ಸರಿಯಾಗೈತೆ, ಅದು ರೈಲು ಗೆರೆ ಮ್ಯಾಲಿತ್ತು ಅಂತ" ಎಂದಳು. ಹೇಳಿ ಮುಗಿಯಿತು.

"ಲೇ, ನಮ್ ಮಾವನ್ ಊರ್ನೇ ಎತ್ತಾಕ್ಬುಟ್ಟವಳೆ ಕಣ್ಲಾ!" ಎಂದು ಮಾಗಡಿಯ ನಂಟಿನ ಹುಡುಗನೊಬ್ಬ ಕೂಗಿದ. ಇಡೀ ಕೋಣೆ ನಕ್ಕಿತು. ಚಿಕ್ಕತಾಯಿ ತಾನೂ ನಕ್ಕು, "ಬಸ್ಸೂ ಇಲ್ಲ, ರೈಲೂ ಇಲ್ಲ, ಎಲ್ಲಿದ್ರೇನ್ಲಾ ನಿಮ್ ಮಾಗಡಿ?" ಎಂದಳು. ಆ ದಿನದಿಂದ ಅವಳ ಬಾಯಿ ಮುಚ್ಚಿಸಲು ನನಗೆ ಆಗಲಿಲ್ಲ. ದೊಡ್ಡವರ ಮೂರು ನಿಯಮಗಳ ಅರ್ಥ ನನಗೆ ತಿಳಿದದ್ದೂ ಆ ದಿನವೇ. ಆ ಮಧ್ಯಾಹ್ನ ದೊಡ್ಡಮಳೂರಿಗೆ ನಾನು ನಡೆದು ಹೋಗಲಿಲ್ಲ, ಹಾರಿಕೊಂಡು ಹೋದೆ ಎಂದು ಬೇಕಾದರೂ ಹೇಳಬಲ್ಲೆ.

ಈಗ ನಾನು ಕೆಡಿಸಿದ್ದಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿಬಳಸಿ ನಡೆದದ್ದನ್ನು ನೀವು ಗಮನಿಸಿರಬೇಕು.

ನಮ್ಮ ಮಕ್ಕಳು ಲೋಯರ್ ಸೆಕೆಂಡರಿ ಪರೀಕ್ಷೆಗೆ ಕೂರಬೇಕಾದರೆ ನಮ್ಮ ಮಿಡ್ಲಿಗೆ ಸರ್ಕಾರದ ಮನ್ನಣೆ ಬೇಕಿತ್ತು. ಇನ್‌ಸ್ಪೆಕ್ಟರು ಬಂದು ನೋಡಿ ಬರೆದರೆ ಮನ್ನಣೆ. ಇಲ್ಲವಾದರೆ ಕೊನೆಯ ತರಗತಿಯ ಐದು ಮಕ್ಕಳು ಮನೆಯಲ್ಲಿ ಕೂರಬೇಕು. ಐವರಲ್ಲಿ ಚಿಕ್ಕತಾಯಿಯೂ ಒಬ್ಬಳು. ಪರೀಕ್ಷೆಗೆ ಕಟ್ಟಿಸದಿದ್ದರೆ ಮದುವೆ ಎಂದು ಅವಳ ಅಪ್ಪ ಮೊದಲೇ ಹೇಳಿ ಕಳಿಸಿದ್ದ.

ಇನ್‌ಸ್ಪೆಕ್ಟರು ಬರುವ ಹಿಂದಿನ ಸಂಜೆ ನಾನು ಮಿಡ್ಲಿನ ಕೋಣೆಯಲ್ಲಿ ಒಬ್ಬನೇ ನಿಂತು ಹಲಗೆಯನ್ನು ನೋಡಿದೆ. ಅದುವರೆಗೆ ನನ್ನ ಕಣ್ಣಿಂದ ನೋಡುತ್ತಿದ್ದೆ. ಆ ಸಂಜೆ ಇನ್‌ಸ್ಪೆಕ್ಟರ ಕಣ್ಣಿಂದ ನೋಡಿದೆ. ಸೊಟ್ಟ ಬುಗುರಿ, ತಪ್ಪು ಲೆಕ್ಕ, ಜಾಗ ಬದಲಾದ ಮಾಗಡಿ. ಇದು ಶಾಲೆಯೇ ಎಂದು ಕೇಳುತ್ತಾರೆ ಅನ್ನಿಸಿತು. ಒಂದು ಗೋಣಿಚೀಲ ತಂದು ಎಲ್ಲವನ್ನೂ ತುಂಬಿ, ಸೌದೆ ಕೋಣೆಗೆ ತಳ್ಳಿದೆ. ಚಪ್ಪರದಲ್ಲಿ ಉಸ್ತಾದರು ಮಾಡಿಟ್ಟಿದ್ದ ಹೊಳೆಯುವ ಬುಗುರಿ, ಗಿಲಕಿ, ಗೊಂಬೆಗಳನ್ನು ತಂದು ಹಲಗೆಯ ಮೇಲೆ ಜೋಡಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಚೀಟಿಗಳನ್ನು ಕತ್ತರಿಸಿ, ನನ್ನ ದುಂಡನೆಯ ಅಕ್ಷರದಲ್ಲಿ ಒಂದೊಂದರ ಮುಂದೆ ಒಬ್ಬೊಬ್ಬ ಮಗುವಿನ ಹೆಸರು ಬರೆದು ಇಟ್ಟೆ.

ಬೆಳಗ್ಗೆ ಉಸ್ತಾದರು ಬಂದರು. ಹಲಗೆ ನೋಡಿದರು, ತಮ್ಮ ಗೊಂಬೆಗಳನ್ನು ಗುರುತಿಸಿದರು, ಚೀಟಿ ಓದಲು ಬರದಿದ್ದರೂ ಚೀಟಿ ಏನೆಂದು ಅವರಿಗೆ ತಿಳಿಯಿತು. ನನ್ನ ಕಡೆ ತಿರುಗಲಿಲ್ಲ. ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತರು.

ಇನ್‌ಸ್ಪೆಕ್ಟರು ಮೈಸೂರಿನ ಕಡೆಯಿಂದ ಬೆಳಗಿನ ರೈಲಿಗೆ ಬಂದರು. ಸಣ್ಣ ಮನುಷ್ಯ, ದೊಡ್ಡ ರುಮಾಲು. ಲೆಕ್ಕ ಕೇಳಿದರು, ಪದ್ಯ ಕೇಳಿದರು, ಎಲ್ಲ ಚೆನ್ನಾಗಿಯೇ ನಡೆಯಿತು. ಹೊರಡುವ ಮುಂಚೆ ಹಲಗೆಯ ಮುಂದೆ ನಿಂತು ಒಂದು ಬುಗುರಿ ಎತ್ತಿಕೊಂಡು ಚೀಟಿ ಓದಿದರು.

"ಚಿಕ್ಕತಾಯಿ ಯಾರಮ್ಮ? ಇದನ್ನು ನೀನೇ ಮಾಡಿದ್ದಾ?"

ಚಿಕ್ಕತಾಯಿ ಎದ್ದು ನಿಂತಳು. ಹಲಗೆ ನೋಡಿದಳು, ನನ್ನನ್ನು ನೋಡಿದಳು. ಅಲ್ಲಿಯವರೆಗೆ ಅವಳು ಗೋಡೆಯನ್ನು ನೋಡಿರಲೇ ಇಲ್ಲ ಎಂದು ತೋರುತ್ತದೆ.

"ಅಲ್ಲ ಸಾರ್. ನಂದು ಸೊಟ್ಟ ಐತೆ. ಇಲ್ಲೇ ಇಟ್ಟಿದ್ದೆ. ಯಾರೋ ತೆಗ್ದವ್ರೆ" ಎಂದಳು.

"ಹಾಗಾದರೆ ಈ ಚೀಟಿ ಬರೆದವರು ಯಾರು?"

ದೊಡ್ಡವರು ಕೋಲಿನ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದರು. ನಾನು ಉಸ್ತಾದರ ಕಡೆ ನೋಡಿದೆ. ನಿಜ ಹೇಳುತ್ತೇನೆ, ಅವರು ಏನಾದರೂ ಹೇಳಿ ನನ್ನನ್ನು ಕಾಪಾಡಲಿ ಎಂದೇ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಕೋಪವಿರಲಿಲ್ಲ. ಶನಿವಾರದ ಸಭೆಯಲ್ಲಿ ಮಾತು ಬಾರದೆ ನಿಂತ ಮಗುವಿಗೆ ಅವರು ಹಾಗೆಯೇ ಕಾಯುತ್ತಿದ್ದರು. ಎಷ್ಟು ಹೊತ್ತು ಬೇಕಾದರೂ ಕಾಯುವವರು.

"ನಾನು ಬರೆದದ್ದು. ಇವೆಲ್ಲ ಉಸ್ತಾದರು ಮಾಡಿದವು. ಮಕ್ಕಳದ್ದು ನೋಡಿದರೆ ತಾವು ಮನ್ನಣೆ ಕೊಡುವುದಿಲ್ಲವೆಂದು ಹೆದರಿ ಬಚ್ಚಿಟ್ಟೆ" ಎಂದೆ.

ಹೇಳಿ ಮುಗಿಯಿತು. ಯಾರೂ ನಗಲಿಲ್ಲ.

ಇನ್‌ಸ್ಪೆಕ್ಟರು ಬುಗುರಿಯನ್ನು ಕೆಳಗಿಟ್ಟರು. "ಅವನ್ನು ತನ್ನಿ" ಎಂದರು. ನಾನು ಸೌದೆ ಕೋಣೆಗೆ ಹೋಗಿ ಚೀಲವನ್ನು ಹೊತ್ತು ತಂದು ಕೋಣೆಯ ನಡುವೆ ಸುರಿದೆ. ಮಕ್ಕಳು ಅಪ್ಪಣೆಗೆ ಕಾಯಲಿಲ್ಲ. ಬಂದು ತಮ್ಮ ತಮ್ಮದನ್ನು ಹುಡುಕಿ ಎತ್ತಿಕೊಂಡರು. ಒಬ್ಬೊಬ್ಬರಾಗಿ ಹಲಗೆಯ ಮೇಲಿಟ್ಟು, ಎಲ್ಲಿ ಕೆಟ್ಟಿತೆಂದು ಹೇಳಿದರು. ಉಳಿ ಎಲ್ಲಿ ಜಾರಿತು, ಕೈಯಲ್ಲಿ ಉಳಿಸಿಕೊಂಡ ಸಂಖ್ಯೆ ಎಲ್ಲಿ ಮರೆತುಹೋಯಿತು, ಅವರೆ ಬೀಜಕ್ಕೆ ನೀರು ಯಾಕೆ ಹೆಚ್ಚಾಯಿತು. ಚಿಕ್ಕತಾಯಿ ತನ್ನ ಸೊಟ್ಟ ಬುಗುರಿಯನ್ನು ನೆಲದ ಮೇಲೆ ಬಿಟ್ಟು, ಅದು ಕುಡಿದವರ ಹಾಗೆ ಮೂರು ಸುತ್ತು ಓಲಾಡಿ ಬಿದ್ದುದನ್ನು ತೋರಿಸಿ, "ನಡು ತಪ್ಪೈತೆ ಸಾರ್. ಮೊಳೆ ಹೊಡೆಯೋವಾಗ ಅತ್ತ ನೋಡ್ತಿದ್ದೆ" ಎಂದಳು. ಇನ್‌ಸ್ಪೆಕ್ಟರು ಕೂತುಬಿಟ್ಟರು. ಅವರ ಮಧ್ಯಾಹ್ನದ ರೈಲು ಕೂಗಿಕೊಂಡು ಹೋದದ್ದು ನಮಗೆಲ್ಲ ಕೇಳಿಸಿತು. ಅವರು ಏಳಲಿಲ್ಲ.

ನಾನು ನನ್ನ ಜೀವನದಲ್ಲಿ ಹೆಮ್ಮೆಪಟ್ಟ ದಿನ ಯಾವುದು ಎಂದು ಕೇಳಿದರೆ ಅದನ್ನೇ ಹೇಳುತ್ತೇನೆ. ತಲೆ ತಗ್ಗಿಸಿ ನಿಂತುಕೊಂಡೇ ಅಷ್ಟು ಹೆಮ್ಮೆ ಪಡಬಹುದೆಂದು ನನಗೆ ಗೊತ್ತಿರಲಿಲ್ಲ.

ಇಲ್ಲಿ ನಿಲ್ಲಿಸಿದ್ದರೆ ಮನ್ನಣೆ ಸಿಕ್ಕಿತೆಂದು ನೀವು ತಿಳಿಯುತ್ತಿದ್ದಿರಿ. ಸಿಗಲಿಲ್ಲ. ಮಕ್ಕಳು ಸತ್ಯ ಹೇಳುತ್ತಾರೆ, ಮೇಷ್ಟ್ರ ವಿಷಯ ಮುಂದಿನ ವರ್ಷ ನೋಡೋಣ ಎಂಬ ಅರ್ಥದ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಪೋಸ್ಟ್ ಮೇಷ್ಟ್ರು ಓದಿ ಹೇಳಿದರು. ಐದು ಮಕ್ಕಳಿಗೆ ಒಂದು ವರ್ಷ ಹೋಯಿತು. ಅವರಲ್ಲಿ ಇಬ್ಬರು ಮತ್ತೆ ಶಾಲೆಗೆ ಬರಲಿಲ್ಲ. ಹೆಮ್ಮೆಯ ವಿಷಯ ಬರೆಯುವಾಗ ಇದನ್ನು ಬಿಟ್ಟುಬಿಡಬಹುದು. ಆದರೆ ಹಲಗೆಯ ನಿಯಮ ಒಪ್ಪುವುದಿಲ್ಲ.

ಕೋಡಿಹಳ್ಳಿಯಿಂದ ಚಿಕ್ಕತಾಯಿಯ ಅಪ್ಪ ಗಾಡಿ ಕಟ್ಟಿಕೊಂಡು ಬಂದ. ಒಳ್ಳೆಯ ಮನುಷ್ಯ, ಸಿಟ್ಟಿನಲ್ಲಿದ್ದ. "ಒಂದು ವರ್ಸ ದಂಡ ಆಯ್ತಲ್ಲ ಮೇಷ್ಟ್ರೆ. ಇವ್ಳು ಬಾಯಿ ಮುಚ್ಕಂಡಿದ್ದಿದ್ರೆ ಆಯ್ತಿರ್ಲಿಲ್ವಾ? ಸಾಕು ಬುಡಿ. ಗಂಡು ನೋಡಿವ್ನಿ, ಕರ್ಕಂಡೋಯ್ತೀನಿ" ಎಂದ. ದಂಡವಾದದ್ದು ನನ್ನಿಂದ.

ಚಿಕ್ಕತಾಯಿ ಹೊಸಿಲ ಮೇಲೆ ನಿಂತಿದ್ದಳು. "ಅಪ್ಪಯ್ಯ, ಸುಳ್ಳು ಬರ್ದ ಮೇಷ್ಟ್ರು ಇಲ್ಲೇ ಅವ್ರೆ. ನಿಜ ಹೇಳ್ದೋಳ್ನ ಮನೆಗೆ ಕರ್ಕಂಡೋಯ್ತೀಯ?" ಎಂದಳು.

ಆತ ನನ್ನ ಮುಖ ನೋಡಿದ, ಮಗಳ ಮುಖ ನೋಡಿದ. ಉಸ್ತಾದರು ಚಪ್ಪರದಿಂದ ಎದ್ದು ಬಂದು, "ಗೌಡ್ರೇ, ಎತ್ತು ದಣಿದೈತೆ. ಒಸಿ ನೀರು ಕುಡಿಸಿ. ಆಮೇಲೆ ಹೋಗೋರಂತೆ" ಎಂದರು. ಎತ್ತಿಗೆ ನೀರು ಕುಡಿಸುವುದಕ್ಕೆ ಒಂದು ಗಂಟೆ ಹಿಡಿಯಿತು. ಆ ಗಂಟೆಯಲ್ಲಿ ಉಸ್ತಾದರು ಅವನಿಗೆ ಶಾಲೆಯ ಮಾತನ್ನೇ ಆಡಲಿಲ್ಲವಂತೆ. ಕೋಡಿಹಳ್ಳಿಯ ಕಡೆ ಹಾಲೆ ಮರ ಸಿಗುತ್ತದೆಯೇ ಎಂದು ಕೇಳಿದರಂತೆ. ಗಾಡಿ ಖಾಲಿಯಾಗಿ ಹಿಂದಕ್ಕೆ ಹೋಯಿತು. ಮುಂದಿನ ತಿಂಗಳು ಅದೇ ಗಾಡಿ ಹಾಲೆ ಮರದ ತುಂಡುಗಳನ್ನು ಹೇರಿಕೊಂಡು ಬಂತು.

ಮರು ವರ್ಷ ಮನ್ನಣೆ ಬಂತು. ಚಿಕ್ಕತಾಯಿ ಪಾಸಾದಳು, ಮುಂದೆಯೂ ಓದಿದಳು. ನನಗೆ ಕಣ್ಣು ಮಂಜಾದ ಮೇಲೆ ಮಿಡ್ಲು ನಡೆಸಲು ಬಂದವಳು ಅವಳೇ; ಆಮೇಲೆ ನಾನು ಶನಿವಾರದ ಸಭೆಗೆ ಮಾತ್ರ ಹೋಗುತ್ತಿದ್ದೆ. ನನ್ನ ಹಾಗಲ್ಲ, ಇಂಗ್ಲಿಷ್ ಕಾಗದಗಳನ್ನು ತಾನೇ ಓದುತ್ತಾಳೆ, ಸಿಟ್ಟು ಬಂದರೆ ಇಂಗ್ಲಿಷಿನಲ್ಲೇ ಉತ್ತರವನ್ನೂ ಬರೆಯುತ್ತಾಳೆ.

ಇನ್‌ಸ್ಪೆಕ್ಟರು ಬಂದುಹೋದ ಮೇಲಿನ ಮೊದಲ ಶನಿವಾರದ ಸಭೆಯ ಮಾತು ಒಂದು ಉಳಿದಿದೆ. ಮಕ್ಕಳೆಲ್ಲ ಇಟ್ಟು ಹೇಳಿದ ಮೇಲೆ ಉಸ್ತಾದರು, "ಮೇಷ್ಟ್ರೇ, ನಿಮ್ದು?" ಎಂದರು. ನಾನು ಜೇಬಿನಿಂದ ಚೀಟಿ ತೆಗೆದು ಇಟ್ಟೆ. 'ಚಿಕ್ಕತಾಯಿ' ಎಂದು ನನ್ನ ದುಂಡನೆಯ ಅಕ್ಷರ. ಎಲ್ಲಿ ಕೆಟ್ಟಿತೆಂದು ಹೇಳಿದೆ. ಮುಗಿದ ಮೇಲೆ ಮಕ್ಕಳು ನಕ್ಕರು, ಆಮೇಲೆ ನಾನೂ ನಕ್ಕೆ. ಚೀಟಿ ಈಗ ಹಳದಿಯಾಗಿದೆ, ಅಲ್ಲೇ ಇದೆ. ಹೊಸ ಮಕ್ಕಳಿಗೆ ಹಳೆಯ ಮಕ್ಕಳು ಅದರ ಕಥೆ ಹೇಳುತ್ತಾರೆ. ಕಥೆಯಲ್ಲಿ ಇನ್‌ಸ್ಪೆಕ್ಟರು ಈಗ ಆನೆಯ ಮೇಲೆ ಬಂದಿರುತ್ತಾರೆ.

ಅಂದಿನಿಂದ ಮಕ್ಕಳು ಪ್ರತಿ ವರ್ಷವೂ ಕೇಳಿದರು. "ಉಸ್ತಾದ್, ಎಲ್ರುದೂ ಐತೆ, ನಿಮ್ದೆಲ್ಲಿ?"

"ಇನ್ನೂ ಕೆಡಿಸಿಲ್ಲ ಬೇಟಾ. ಕೆಡಿಸಿದ ದಿನ ತಂದಿಡ್ತೀನಿ."

"ಮಣಿ ಮಾಡ್ಬುಡ್ತೀರ, ನಮ್ಗೊತ್ತಿಲ್ವಾ?"

ಉಸ್ತಾದರು ಬಿಲ್ಲು ಎಳೆಯುತ್ತ ನಗುತ್ತಿದ್ದರು. ಆ ಕೊನೆಯ ಶನಿವಾರ ಅವರು ಜಾಗ ಇಟ್ಟಿರಿ ಎಂದಾಗ ನಾನು ಈಗಲಾ ಎಂದು ಕೇಳಿದ್ದು ಅದಕ್ಕೇ. ಮಣಿ ಮಾಡುವುದನ್ನು ಬಿಟ್ಟು, ಮಕ್ಕಳ ಮುಂದೆ ನಿಲ್ಲಲು ಅವರು ಮನಸ್ಸು ಮಾಡಿದ್ದರು. ಮಕ್ಕಳಿಗೆ ಎಷ್ಟು ಖುಷಿಯಾಗುತ್ತದೆ ಎಂದು ನಾನು ದಾರಿಯುದ್ದಕ್ಕೂ ನೆನೆಸಿಕೊಂಡು ಹೋಗಿದ್ದೆ.

ಕಳೆದ ಶನಿವಾರ ನಾನು ಭರಣಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಶಾಲೆಗೆ ಹೋದೆ. ಹಲಗೆಯ ಮೇಲೆ ಇಡಿಸಿಬಿಟ್ಟರೆ ನನಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಮಕ್ಕಳು ಅದನ್ನು ಕೈಯಿಂದ ಕೈಗೆ ದಾಟಿಸಿದರು.

"ಅಲ್ಲಾಡ್ತೈತೆ. ಕೆಟ್ಟೇ ಐತೆ."

"ಇಲ್ಲ ಕಣ್ಲಾ, ಕುಂಕುಮದ್ದು ಒಸಿ ಸಡ್ಲ ಇರ್ಬೇಕು. ನಮ್ಮವ್ವಂದೂ ಹಂಗೇ ಐತೆ."

ನೂಲು ತೆಗೆಯುವವರ ಮನೆಯ ಒಬ್ಬ ಹುಡುಗಿ ಅದನ್ನು ಕಿವಿಯ ಹತ್ತಿರ ಹಿಡಿದು ಮುಚ್ಚಿದಳು, ತೆಗೆದಳು, ಮತ್ತೆ ಮುಚ್ಚಿದಳು. "ಇದ್ರಾಗೆ ಏನು ಕೇಳ್ಬೇಕು ಮೇಷ್ಟ್ರೇ?" ಎಂದಳು.

ಅಷ್ಟು ವರ್ಷ ಎದುರಿಗೇ ಕೂತಿದ್ದೆ. ಅದನ್ನು ಅವರನ್ನು ಕೇಳಿಯೇ ಇರಲಿಲ್ಲ.

ಎಲ್ಲರೂ ಚಿಕ್ಕತಾಯಿಯ ಕಡೆ ನೋಡಿದರು. ಅವಳು ಭರಣಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು, "ಮಾಡ್ದೋರೇ ಇಟ್ಟು ಹೇಳ್ಬೇಕು. ಅವ್ರು ಹೇಳ್ಲಿಲ್ಲ" ಎಂದಳು. ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. ಅವಳು ಹೇಳಿದ್ದು ಸರಿ. ನಾನು ಹೇಳಿಕೊಟ್ಟದ್ದನ್ನೇ ಹೇಳಿದಳು. ಅಷ್ಟು ನೋವಿನಲ್ಲೂ ನನ್ನ ಎದೆ ಒಂದು ಗೇಣು ಉಬ್ಬಿತು. ಮುದುಕನ ಬುದ್ಧಿ.

ಮನೆಗೆ ತಂದು ಮತ್ತೆ ಮೇಜಿನ ಮೇಲಿಟ್ಟಿದ್ದೇನೆ. ದಿನಕ್ಕೊಂದು ಸಲ ಕಿವಿಗೆ ಹಿಡಿದು ಮುಚ್ಚಿ ತೆಗೆಯುತ್ತೇನೆ. ಒಂದು ದಿನ ಸರಿಯಾಗಿದೆ ಅನ್ನಿಸುತ್ತದೆ, ಒಂದು ದಿನ ಇಲ್ಲ ಅನ್ನಿಸುತ್ತದೆ. ಶಾಲೆಯ ಹಲಗೆಯಲ್ಲಿ ನನ್ನ ಚೀಟಿಯ ಪಕ್ಕ ಒಂದು ಭರಣಿಯಷ್ಟು ಜಾಗವನ್ನು ಬಿಟ್ಟಿದ್ದಾರೆ. ಅಲ್ಲಿ ಬೇರೆ ಯಾರೂ ಏನೂ ಇಡುವುದಿಲ್ಲ. ಹಲಗೆಯ ಮೇಲೆ ಎಲ್ಲರದ್ದೂ ಇದೆ. ಉಸ್ತಾದರದ್ದು ಇಲ್ಲ.